ಅಯ್ಯನವರು ಹೇಳದ ಹೆಸರು

ಅಯ್ಯನವರ ಬಿಳಿ ನಿಲುವಂಗಿಯ ಅಂಚಿನಲ್ಲಿ, ಬಲಗಾಲಿನ ಕಡೆ, ಸೈಕಲ್ ಚೈನಿನ ಕರಿ ಎಣ್ಣೆ ಗೆರೆಗೆರೆಯಾಗಿ ಹತ್ತಿರುತ್ತಿತ್ತು. ಭಾನುವಾರ ಹೊಳೆನರಸೀಪುರದಲ್ಲಿ ಆರಾಧನೆ ಮುಗಿಸಿ, ಅಂಗಿ ಬಿಚ್ಚಲೂ ಪುರುಸೊತ್ತಿಲ್ಲದವರಂತೆ ಹಾಗೇ ಸೈಕಲ್ ಹತ್ತಿ ಹಳ್ಳಿಗಳಿಗೆ ಹೊರಟುಬಿಡುತ್ತಿದ್ದರು. ಸೋಮವಾರ ಆ ಅಂಗಿ ನನ್ನ ಕೈಗೆ ಬರುತ್ತಿತ್ತು. ಸೀಗೆಪುಡಿ, ಸೋಪು, ಸೀಮೆಎಣ್ಣೆ, ಏನು ಹಾಕಿ ಉಜ್ಜಿದರೂ ಗೆರೆ ಹೋಗುತ್ತಿರಲಿಲ್ಲ. ಎತ್ತಿ ಕಟ್ಟಿಕೊಳ್ಳಿ ಎಂದು ಹೇಳಬೇಕೆನಿಸುತ್ತಿತ್ತು. ಹೇಳಲು ನಾಚಿಕೆ. ಅಂಗಿಯ ವಿಷಯಕ್ಕೇ ಬಾಯಿ ಬಾರದ ನಾನು ಮುಂದೆ ಅವರ ಜೊತೆ ದೇವರ ವಿಷಯಕ್ಕೆ ವರ್ಷಗಟ್ಟಲೆ ವಾದಿಸಿದೆ ಎಂದರೆ ನೀವು ನಂಬಲಾರಿರಿ.

ಅವರು ನಮ್ಮ ಕ್ರೈಸ್ತ ಸಭೆಯ ಬೋಧಕರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಂಗಳೂರಿನಲ್ಲಿ ಬೈಬಲಿನ ವೇದಶಾಸ್ತ್ರ ಓದಿದ್ದವರು. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಚಿಕ್ಕ ಸಭೆಗಳನ್ನೂ ಅವರೇ ನೋಡಿಕೊಳ್ಳಬೇಕಾಗಿತ್ತು. ಮನೆಯಲ್ಲಿ ಇದ್ದ ದಿನ ಜಗಲಿಯ ಮೇಲೆ ಓದುತ್ತಾ ಕೂರುವರು. ನಾನು ಅವರ ಮನೆಯ ಅಡಿಗೆ, ಬಟ್ಟೆ, ದೇವಾಲಯದ ಕಸಗುಡಿಸುವುದು ನೋಡಿಕೊಳ್ಳುತ್ತಿದ್ದೆ.

ನಿಮ್ಮ ತಾತ, ನನ್ನ ಗಂಡ, ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ತಾತನ ವಿಷಯ ಇಲ್ಲಿ ಹೇಳದಿದ್ದರೆ ಅಯ್ಯನವರ ವಿಷಯ ಅರ್ಥವಾಗುವುದಿಲ್ಲ. ನಮ್ಮ ಅಪ್ಪನ ಮನೆಯವರು ಮೊದಲೇ ಕ್ರೈಸ್ತರಾಗಿದ್ದರು. ನನ್ನನ್ನು ಕೊಟ್ಟದ್ದು ಹಳೇಕೋಟೆಯಲ್ಲಿದ್ದ ಸೋದರಮಾವನ ಮಗನಿಗೆ. ಆ ಮನೆಯವರು ಕ್ರೈಸ್ತರಲ್ಲ. ಆಗ ನಮ್ಮ ಕೇರಿಗಳಲ್ಲಿ ಇದೇನೂ ವಿಶೇಷವಲ್ಲ. ನಂಟು ದೊಡ್ಡದು, ದೇವರು ಆಮೇಲೆ. ತಾತ ನನ್ನ ಜೊತೆ ಸಭೆಗೆ ಬರುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂರುವರು, ದೇವಾಲಯದ ಹೆಂಚು ಸೋರಿದರೆ ಮೇಲೆ ಹತ್ತಿ ಸರಿಮಾಡುವರು. ತಲೆಗೆ ನೀರು ಹಾಕಿಸಿಕೊಂಡು ಸಭೆ ಸೇರುವ ದೀಕ್ಷಾಸ್ನಾನ ಮಾತ್ರ ಆಗಿರಲಿಲ್ಲ. ಅವರ ಅವ್ವ, ನನ್ನ ಅತ್ತೆ, "ನಾನಿರೋಗಂಟ ಬ್ಯಾಡ ಕಣ್ಲಾ ಮಗ, ನನ್ನ ಮಣ್ಣು ಮಾಡಿ ಆಮೇಲೆ ನೀರು ಉಯ್ಯಿಸ್ಕೊ" ಅಂದಿದ್ದಳು. ಇವರು ಹೂಂ ಅಂದಿದ್ದರು. ಅವ್ವ ಗಟ್ಟಿಯಾಗಿಯೇ ಇದ್ದಳು. ಕಾಮಾಲೆ ಬಂದು ಹೋದವರು ಇವರು. ಅಣ್ಣತಮ್ಮಂದಿರು ಹೊಲದಲ್ಲೇ ಮಣ್ಣು ಮಾಡಿದರು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಭಾನುವಾರ ತೀರಿಹೋದವರನ್ನು ನೆನೆಯುವುದು. ಸಭೆಯ ಹಿರಿಯರೊಬ್ಬರು ಮುಂದೆ ನಿಂತು ಒಂದೊಂದೇ ಹೆಸರು ಹೇಳುವರು. ಅಯ್ಯನವರು ಆ ಹೆಸರನ್ನು ದೇವರ ಮುಂದೆ ಇನ್ನೊಮ್ಮೆ ಹೇಳುವರು. ಹೆಸರು ಬಂದಾಗ ಆ ಮನೆಯವರು ಎದ್ದು ನಿಲ್ಲಬೇಕು, ಪ್ರಾರ್ಥನೆ ಮುಗಿಯುವವರೆಗೂ ಕೂರಬಾರದು. ಹಾಗಾಗಿ ಆ ದಿನ ಕೊನೆಗೆ ದೇವಾಲಯದಲ್ಲಿ ಮುಕ್ಕಾಲುಪಾಲು ಜನ ನಿಂತಿರುತ್ತಿದ್ದರು. ತಾತ ಹೋದ ವರ್ಷ ನಾನು ನಿಮ್ಮ ಅಪ್ಪನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾದೆ. ಹೆಸರು ಬರಲಿಲ್ಲ. ಅಕ್ಕಪಕ್ಕದವರೆಲ್ಲ ನಿಂತರು, ಅವರ ಸೀರೆಗಳ ನಡುವೆ ನಾನು ಕೂತೇ ಇದ್ದೆ.

ಆಗ ಹಿರಿಯರಾಗಿದ್ದವರು ನಿವೃತ್ತರಾದ ಒಬ್ಬ ಮೇಷ್ಟ್ರು. ಒಳ್ಳೆಯವರೇ, ಆದರೆ ಕಟ್ಟುನಿಟ್ಟು. ಅಯ್ಯನವರು ನನ್ನ ಪರವಾಗಿ ಅವರನ್ನು ಕೇಳಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ.

"ನೀರಾಕಿಸ್ಕಳದಿದ್ದೋರ ಎಸ್ರು ಎಂಗೆ ಸಾ ಏಳಾದು?" ಅಂದರು ಮೇಷ್ಟ್ರು. "ಇವತ್ತು ಇವಳ ಗಂಡ ಅಂತೀರ. ನಾಳೆ ಒಬ್ಬೊಬ್ರೂ ಅವರವರ ತಾತ ಮುತ್ತಾತನ್ನೆಲ್ಲ ತಂದ್ರೆ? ಮಾರಿಗೆ ಕೋಳಿ ಕುಯ್ದೋರ್ನೆಲ್ಲ ಪ್ರಾರ್ಥ್ನೆನಾಗೆ ಕರೀಬೇಕಾಯ್ತದೆ."

"ನಿಮ್ಮ ಮಾತೂ ಸರಿಯೇ. ಆಲೋಚಿಸೋಣ ಮೇಷ್ಟ್ರೆ" ಅಂದರು ಅಯ್ಯನವರು.

ಅವರು ಆಲೋಚಿಸಿದರು. ಬೇಕಾದಷ್ಟು ಆಲೋಚಿಸಿದರು. ನನ್ನನ್ನು ಜಗಲಿಗೆ ಕರೆದು, ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರೆ ಎದುರಿಗೆ ಕೂತು ತಮ್ಮ ಆಲೋಚನೆಯನ್ನೆಲ್ಲ ಹೇಳಿದರು. ಯೇಸುವಿನ ಪಕ್ಕದ ಶಿಲುಬೆಯಲ್ಲಿ ತೂಗುತ್ತಲೇ ಸ್ವರ್ಗ ಪಡೆದ ಕಳ್ಳನಿಗೆ ಯಾರು ನೀರು ಹಾಕಿದ್ದರು? ಬಿಳಿಯರ ಹಡಗು ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ದೇವರು ಇರಲಿಲ್ಲವೇ? ಇಲ್ಲಿ ಹುಟ್ಟಿ ಸತ್ತವರಿಗೆಲ್ಲ ನರಕ ಎನ್ನುವವನು ತಂದೆ ಹೇಗಾದಾನು? ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ ನನ್ನನ್ನು ಎದುರಿಗೆ ಕೂರಿಸಿಕೊಂಡು ಯಾರೂ ಹೀಗೆ ಮಾತಾಡಿರಲಿಲ್ಲ.

"ಅಂಗಾದ್ರೆ ಅವರ ಎಸ್ರು ಏಳ್ತೀರಾ ಅಯ್ನೋರೆ?" ಅಂದೆ.

ಅವರು ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ಅದು ಅಷ್ಟು ಸಲೀಸಲ್ಲ ಕಣಮ್ಮ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಮೀನಿನ ಹೊಟ್ಟೆಯಲ್ಲಿ ಪ್ರವಾದಿ ನಿಜವಾಗಿ ಇದ್ದನೇ ಎಂದರೆ ಅಷ್ಟು ಸಲೀಸಲ್ಲ. ಹೆಂಗಸರು ಯಾಕೆ ಕರ್ತನ ಮೇಜಿನ ಹತ್ತಿರ ನಿಂತು ರೊಟ್ಟಿ ಹಂಚಬಾರದು ಎಂದರೆ ಅಷ್ಟು ಸಲೀಸಲ್ಲ. ಅವರಿಗೆ ನಾನು ಕೇಳುವುದು ಇಷ್ಟ. ಕೇಳದೆ ಇದ್ದ ದಿನ ಅವರೇ, "ಏನಮ್ಮ, ಇವತ್ತು ಪ್ರಶ್ನೆ ಮುಗಿದುಹೋದವೋ?" ಎಂದು ಕೆಣಕುವರು. ಸರಿಯಾದ ಪ್ರಶ್ನೆ ಕೇಳಿದರೆ ಪುಸ್ತಕ ಮುಚ್ಚಿ, ಕನ್ನಡಕ ಹಣೆಗೇರಿಸಿ, ಮಗು ಮೊದಲ ಹೆಜ್ಜೆ ಇಟ್ಟಾಗ ನೋಡುವಂತೆ ನೋಡುವರು. ಪುಸ್ತಕಗಳನ್ನು ಕೊಟ್ಟು ಓದಿಸಿದರು. ನಿಮ್ಮ ಅಪ್ಪನಿಗೆ ಲೆಕ್ಕ, ಇಂಗ್ಲಿಷು ಹೇಳಿಕೊಟ್ಟರು. ಇಷ್ಟೆಲ್ಲ ಮಾಡಿದವರು ನಾನು ಬೇಡಿದ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟರು. ಪ್ರತಿ ವರ್ಷ ಆ ಭಾನುವಾರ ಬರುತ್ತಿತ್ತು. ಪ್ರತಿ ವರ್ಷ ನಾನು ಕೂತಿರುತ್ತಿದ್ದೆ.

ನನ್ನ ಅತ್ತೆಗೆ ಅವರನ್ನು ಕಂಡರೆ ಸಲಿಗೆ. ಅವಳು ಕಾಯಿಲೆ ಬಿದ್ದಾಗ ಅಯ್ಯನವರು ಹಳೇಕೋಟೆಗೆ ಬಂದು ಪಕ್ಕದಲ್ಲಿ ಚಾಪೆಯ ಮೇಲೆ ಕೂರುತ್ತಿದ್ದರು. ಮುದ್ದೆ ಇಕ್ಕಿದರೆ ಉಣ್ಣುವರು.

"ನಿಮ್ಮ ದ್ಯಾವ್ರು ನನ್ನ ಮಗನ್ನ ಸೇರಿಸ್ಕೊಂಡವ್ನೋ ಇಲ್ವೋ ಏಳಿ ಸಾಮಿ" ಅಂತ ಅವಳು ಒಂದು ದಿನ ಮುಖಕ್ಕೇ ಕೇಳಿದಳು.

"ಸೇರಿಸ್ಕೊಂಡಿರ್ತಾನೆ ಅಂತ ನನ್ನ ನಂಬಿಕೆ ಅವ್ವ."

"ಮತ್ತೆ ನಿಮ್ಮ ಗುಡೀಲಿ ಯಾಕೆ ಸೇರಿಸ್ಕೊಂಡಿಲ್ಲ? ದ್ಯಾವ್ರಿಗಿಂತ ನಿಮ್ಮ ಮೇಷ್ಟ್ರು ದೊಡ್ಡೋನಾ?"

ಅಯ್ಯನವರು ನಕ್ಕರು. ಅತ್ತೆ ನಗಲಿಲ್ಲ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಮಾತು ಹೊಳೆ ಅರಿದಂಗೆ ಅರೀತದೆ, ಒಂದು ಬೊಗಸೆ ಬಾಯಿಗೆ ಬರಕಿಲ್ಲ" ಅಂದಳು. ಅವಳು ತೀರಿಕೊಂಡಾಗ ಬಂದು ಹೆಣಕ್ಕೆ ಹೆಗಲು ಕೊಟ್ಟವರು ಅವರು. ಮೇಷ್ಟ್ರು ಅದಕ್ಕೂ ಗೊಣಗಿದರಂತೆ. ಅದು ಮಾಡಬಲ್ಲವರಿಗೆ ಇದು ಯಾಕೆ ಆಗದು ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಒಮ್ಮೆ ಹಾಸನದಲ್ಲಿ ಸುತ್ತಿನ ಬೋಧಕರೆಲ್ಲ ಸೇರಿದ್ದರು. ಸಭೆಗಳು ಹೊಸ ಕಾಲಕ್ಕೆ ಹೇಗೆ ನಡೆಯಬೇಕು ಎಂಬ ಮಾತುಕತೆ. ಅಡಿಗೆಗೆ ಕೆಲವು ಹೆಂಗಸರು ಬೇಕಾಗಿತ್ತು, ನಾನೂ ಹೋಗಿದ್ದೆ. ಸಾರಿನ ಸೌಟು ಹಿಡಿದು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಅಯ್ಯನವರು ಎದ್ದು ಮಾತಾಡಿದರು. ಸಭೆಯ ಬೇಲಿಯೇ ದೇವರ ಬೇಲಿ ಎಂದು ತಿಳಿದುಕೊಂಡಿದ್ದೇವಲ್ಲ, ನಾಚಿಕೆಯಾಗಬೇಕು ನಮಗೆ, ಎಂದರು. ನಮ್ಮ ಜೊತೆ ಕೂತು ಪ್ರಾರ್ಥಿಸಿದವನನ್ನು ಸತ್ತ ಮೇಲೆ ಹೊರಗೆ ನಿಲ್ಲಿಸುತ್ತೇವೆ, ಎಂದರು. ಅದು ಯಾರ ಬಗ್ಗೆ ಆಡಿದ ಮಾತೆಂದು ನನಗೆ ತಿಳಿಯದೇ? ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಸೌಟಿನ ಸಾರು ಸೀರೆಯ ಮೇಲೆ ಚೆಲ್ಲಿದ್ದನ್ನು ಆಮೇಲೆ ನೋಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮುಖ ಕಾಣುತ್ತಿರಲಿಲ್ಲವಾದ್ದರಿಂದ ಧೈರ್ಯ ಬಂತು.

"ಆಸನ್ದಾಗೆ ಅಷ್ಟು ದೊಡ್ಡ ಮನುಸರ ಮುಂದೆ ಏಳಿದ್ರಲ್ಲ ಅಯ್ನೋರೆ, ನಮ್ಮೂರ್ನಾಗೆ ಒಂದಿಡಿ ಜನದ ಮುಂದೆ ಏಳಕ್ಕೇನು?"

"ಅಲ್ಲಿ ಯಾರೂ ನನ್ನವರಲ್ಲ ಕಣಮ್ಮ" ಅಂದರು. "ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ಇಲ್ಲಿ ಮೇಷ್ಟ್ರು ಸಿಟ್ಟಾದರೆ ಅವರ ಜೊತೆ ನಾಲ್ಕು ಮನೆ ಹೋಗುತ್ತೆ. ಇರೋದೇ ಇಷ್ಟು ಮನೆ. ಒಬ್ಬರನ್ನ ಒಳಗೆ ಕರೆಯೋಕೆ ಹೋಗಿ ನಾಲ್ಕು ಮನೆಯವರನ್ನ ಹೊರಗೆ ಕಳಿಸಲಾ?"

"ಆ ಒಬ್ರು ನಮ್ಮನೆಯವ್ರು."

"ಗೊತ್ತು."

"ನಿಮಗೆ ಗೊತ್ತಿದ್ರೆ ನನಗೇನು ಬಂತು?"

ಅದೇ ನಾನು ಅವರಿಗೆ ಆಡಿದ ಅತಿ ಗಟ್ಟಿ ಮಾತು. ಮಾರನೆಯ ದಿನ ನಾನು ಕೆಲಸಕ್ಕೆ ಹೋದಾಗ ಅಡಿಗೆಮನೆಯಲ್ಲಿ ತಾವೇ ಒಲೆ ಹಚ್ಚಿ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಕಾಫಿ ಕಾಯಿಸುತ್ತಿದ್ದರು. ನನಗೂ ಒಂದು ಲೋಟ ಕೊಟ್ಟರು. ಕುಡಿಯಲಾಗದಷ್ಟು ಕಹಿ. ಕ್ಷಮೆ ಕೇಳಿದ್ದೋ, ಬಾಯಿ ಮುಚ್ಚಿಸಿದ್ದೋ, ಇವತ್ತಿಗೂ ತಿಳಿಯದು.

ಆಮೇಲೆ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಹಾಸನದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಗಂಜಿ ಮಾಡಿಕೊಂಡು ಬಸ್ಸಿನಲ್ಲಿ ಹೋದೆ. ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ಕಂಡು, "ಪ್ರಶ್ನೆ ತಂದಿದ್ದೀಯೋ, ಗಂಜಿ ತಂದಿದ್ದೀಯೋ?" ಅಂದರು. ಎರಡು ಚಮಚ ಕುಡಿದು ಬೇಡವೆಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತು ತೆಗೆದರು.

"ಈ ಸಲ ಎದ್ದು ಬಂದರೆ ಹೇಳಿಬಿಡ್ತೀನಿ ಕಣಮ್ಮ. ಮೇಷ್ಟ್ರು ಏನಾದರೂ ಅಂದುಕೊಳ್ಳಲಿ."

ಪಾತ್ರೆ ತೊಳೆದುಕೊಂಡು ಬಂದೆ. ಅವರು ಎದ್ದು ಬರಲಿಲ್ಲ. ಸುದ್ದಿ ತಂದವನ ಮುಂದೆ ನಾನು ಅಳಲಿಲ್ಲ. ಹೇಳುವುದಿದ್ದರೆ ಆರೋಗ್ಯವಾಗಿದ್ದಾಗ ಹೇಳಬಾರದಿತ್ತೇ ಎಂದು ಹಲ್ಲು ಕಚ್ಚಿಕೊಂಡೆ. ಅಳು ಬಂದದ್ದು ಆಮೇಲೆ, ಸೋಮವಾರ, ಒಗೆಯಲು ಅಂಗಿ ಇಲ್ಲದಿದ್ದಾಗ.

ಅವರ ಜಾಗಕ್ಕೆ ಮಂಗಳೂರಿನ ಕಡೆಯಿಂದ ಒಬ್ಬ ಹುಡುಗು ಬೋಧಕರು ಬಂದರು. ಪುಸ್ತಕದ ಕನ್ನಡ ಮಾತಾಡುವರು. ನಮ್ಮ ಮಾತು ಅವರಿಗೆ ಅರ್ಧ ತಿಳಿಯದು. ಬಂದು ತಿಂಗಳಾಗುವಷ್ಟರಲ್ಲಿ ಆ ಭಾನುವಾರ ಬಂತು. ಮೇಷ್ಟ್ರು ಎಂದಿನಂತೆ ಮುಂದೆ ನಿಂತು ಹೆಸರು ಹೇಳುತ್ತಾ ಹೋದರು. ಜನ ಏಳುತ್ತಾ ಹೋದರು. ಕೊನೆಗೆ ಅಯ್ಯನವರ ಹೆಸರು ಬಂತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಅದು ನಿಜ. ಹೊಸ ಬೋಧಕರು ಆ ಹೆಸರನ್ನು ಇನ್ನೊಮ್ಮೆ ಹೇಳಿದರು.

ಯಾರೂ ಏಳಲಿಲ್ಲ. ಏಳಲು ಅವರಿಗೆ ಮನೆಯವರೇ ಇರಲಿಲ್ಲ. ಎಲ್ಲರ ಮನೆಯ ಹೆಸರನ್ನು ದೇವರ ಮುಂದೆ ಹೇಳಿದ ಮನುಷ್ಯನ ಹೆಸರು ಬಂದಾಗ, ಆಗಲೇ ನಿಂತಿದ್ದವರೆಲ್ಲ ತಂತಮ್ಮವರಿಗೆ ನಿಂತವರು. ಇವರಿಗೆಂದು ಒಬ್ಬರಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದೆ. ಅಷ್ಟು ವರ್ಷಗಳಲ್ಲಿ ಆ ದಿನ ನಾನು ಎದ್ದದ್ದು ಅದೇ ಮೊದಲು. ತಲೆಗಳೆಲ್ಲ ತಿರುಗಿದವು. ನೆಲ ನೋಡುತ್ತಾ ನಿಂತೆ.

ಹೊಸ ಬೋಧಕರಿಗೆ ಅದು ಬೇರೆಯಾಗಿ ಕಂಡಿತು. ಹೆಸರುಗಳೆಲ್ಲ ಮುಗಿದ ಮೇಲೆ ಎದ್ದವಳು, ಪಾಪ, ಇವಳ ಮನೆಯವರ ಹೆಸರು ಬಿಟ್ಟುಹೋಗಿದೆ ಎಂದುಕೊಂಡರು.

"ಅಮ್ಮ, ನಿಮ್ಮವರು ಯಾರು? ಹೆಸರು ಹೇಳಿ" ಅಂದರು.

ಮೇಷ್ಟ್ರು ಕೆಮ್ಮಿದರು. "ಅದು ಅಂಗಲ್ಲ ಸಾ..." ಎಂದು ಶುರುಮಾಡಿದರು.

"ಪರವಾಗಿಲ್ಲ, ಅವರೇ ಹೇಳಲಿ."

ಗಂಡನ ಹೆಸರು ಹೇಳಬಾರದು. ನಮ್ಮ ಕೇರಿಯವರಿಗೆ ದೇವರು ಬದಲಾದರೂ ಆ ಪದ್ಧತಿ ಬದಲಾಗಲಿಲ್ಲ. ಬದುಕಿದ್ದಾಗ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಸತ್ತ ಮೇಲೂ ಯಾರಿಗೂ ಹೇಳಿದವಳಲ್ಲ. ಅಯ್ಯನವರ ಜೊತೆಗಿನ ಅಷ್ಟೂ ವಾದದಲ್ಲಿ ಅವರು ಬರೀ ನಮ್ಮನೆಯವರು. ಮದುವೆಯ ದಿನ ಹೆಂಗಸರು ಅಡ್ಡಗಟ್ಟಿ ಕೇಳಿದಾಗಲೂ ನಾನು ಬಾಯಿ ಬಿಟ್ಟಿರಲಿಲ್ಲ. ಆವತ್ತು ಸಭೆಯ ನಡುವೆ ನಿಂತು ಹೇಳಿದೆ. ನನ್ನ ದನಿ ನನಗೇ ಯಾರದೋ ಎನಿಸಿತು.

ಬೋಧಕರು ಕಣ್ಣು ಮುಚ್ಚಿ, ಹಿಂದೆ ಮುಂದೆ ನೋಡದೆ, ಸಹೋದರ ಎಂದು ಸೇರಿಸಿ ಆ ಹೆಸರನ್ನು ದೇವರ ಮುಂದೆ ಹೇಳಿದರು. ಗಂಡಸರ ಸಾಲಿನಲ್ಲಿ ನಿಮ್ಮ ಅಪ್ಪ ಎದ್ದು ನಿಂತ. ಮೀಸೆ ಆಗತಾನೆ ಮೂಡುತ್ತಿದ್ದ ವಯಸ್ಸು. ಯಾವ ಮನೆಯೂ ಸಭೆ ಬಿಟ್ಟು ಹೋಗಲಿಲ್ಲ. ಹೊರಗೆ ಬಂದ ಮೇಲೆ ಮೇಷ್ಟ್ರು ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡದೆ ಹೇಳಿದರು: "ಏಳಿದ್ದು ಏಳಾಯ್ತು. ಮ್ಯಾಲಕ್ಕೋದ ಪ್ರಾರ್ಥ್ನೆ ವಾಪಸ್ ಕರ್ಯಾಕೆ ನಂಗೂ ಬರಾಕಿಲ್ಲ. ಮುಂದಿನ ವರ್ಸ ನನಗೇ ಬಂದು ಎಸ್ರು ಏಳು, ಇಂಗೆ ನಿಂತು ಕಿರುಚಬ್ಯಾಡ."

ಅಷ್ಟೇ. ಒಂದು ಉಸಿರಿನ ಕೆಲಸ. ವಿಷಯ ತಿಳಿಯದ ಒಬ್ಬ ಹುಡುಗನ ಕೈಯಲ್ಲಿ ಆಗಿಹೋಯಿತು. ಎಲ್ಲ ತಿಳಿದಿದ್ದವರ ಕೈಯಲ್ಲಿ ಆಗಲಿಲ್ಲ. ಮನೆಗೆ ನಡೆಯುತ್ತಾ ನಾನು ಸಂತೋಷಪಡಬೇಕಾಗಿತ್ತು. ದಾರಿಯುದ್ದಕ್ಕೂ ಅಯ್ಯನವರ ಮೇಲೆ ಸಿಟ್ಟು ಮಾಡಿಕೊಂಡು ಬಂದೆ. ಇದನ್ನು ಅವರು ಕೇಳಬೇಕಾಗಿತ್ತು. ಅವರ ಬಾಯಿಂದಲೇ ಬರಬೇಕಾಗಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ಮಕ್ಕಳೇ. ಸತ್ತವರ ಮೇಲೆ ಇಷ್ಟು ಕಾಲ ಸಿಟ್ಟು ಇಟ್ಟುಕೊಳ್ಳಬೇಕಾದರೆ ಅವರು ಎಷ್ಟು ಬೇಕಾದವರಾಗಿರಬೇಕು, ನೀವೇ ಲೆಕ್ಕ ಹಾಕಿ. ಜಗಲಿಯಲ್ಲಿ ಅಷ್ಟು ವರ್ಷ ನನ್ನ ಬಾಯಿ ಬಿಡಿಸಿದವರು ಅವರಲ್ಲದಿದ್ದರೆ, ಆ ದಿನ ಹುಡುಗು ಬೋಧಕರು ಕೇಳಿದಾಗ ನಾನು ತಲೆ ಅಲ್ಲಾಡಿಸಿ ಕೂತುಬಿಡುತ್ತಿದ್ದೆ. ಇದೂ ನನಗೆ ಗೊತ್ತು.

ಈಗ ಪ್ರತಿ ವರ್ಷ ಇಬ್ಬರಿಗೂ ನಿಲ್ಲುತ್ತೇನೆ. ಮಂಡಿ ನೋಯುತ್ತದೆ, ಮುಂದಿನ ಬೆಂಚು ಹಿಡಿದುಕೊಳ್ಳುತ್ತೇನೆ. ಮುಂದೆ, ನಾನು ಹೋದ ಮೇಲೆ, ತಾತನ ಹೆಸರು ಬಂದಾಗ ನಿಮ್ಮ ಅಪ್ಪ ನಿಲ್ಲುತ್ತಾನೆ, ನನ್ನ ಹೆಸರಿಗೆ ನೀವೆಲ್ಲ ಇದ್ದೀರಿ, ಆ ಚಿಂತೆ ನನಗಿಲ್ಲ. ಅಯ್ಯನವರ ಹೆಸರು ಬಂದಾಗ ಏಳುವವರು ಯಾರೂ ಇರುವುದಿಲ್ಲ. ಅವರು ನಿಮಗೆ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಹೇಳಲು ತಿಳಿಯದಿದ್ದರೆ ಬೇಡ. ನಿಮ್ಮಲ್ಲಿ ಒಬ್ಬರು ಎದ್ದು ನಿಲ್ಲಿ.