ಸರೋಜಕ್ಕನ ಅಪ್ಪಯ್ಯ ಹೇಳಿದ ಗಾಳಿಗಳು

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪಿನಿಂದ ಬೇಡದ ಸಾಫ್ಟ್‌ವೇರೊಂದನ್ನು ತೆಗೆಯಹೊರಟೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಪಟ್ಟಿ ಬಂತು: ಇದನ್ನು ತೆಗೆದರೆ ಇದನ್ನೇ ನೆಚ್ಚಿಕೊಂಡ ಇವಿಷ್ಟೂ ಹೋಗುತ್ತವೆ, ಮುಂದುವರಿಯಲೇ? ಬೆರಳು ಅಲ್ಲೇ ನಿಂತಿತು. ನೀವು ನಗಬಹುದು, ನನಗೆ ತೆಕ್ಕಟ್ಟೆಯ ಸರೋಜಕ್ಕನ ಮನೆಯ ಬಂಗುಡೆ ಹುರಿದ ವಾಸನೆ ಬಂದಂತಾಯಿತು.

ಸರೋಜಕ್ಕ ನಿವೃತ್ತ ಟೀಚರು, ದೋಣಿಯವರ ಮಗಳು. ಕಡಲಿಗೆ ಹೋಗುತ್ತಿದ್ದ ಹಿರಿಯರ ಬಾಯಲ್ಲಿದ್ದ ಗಾಳಿಯ, ಅಲೆಯ, ಮೀನಿನ ಹೆಸರುಗಳನ್ನು ಕೇಳಿ ಕೇಳಿ ಕಂಪ್ಯೂಟರಿಗೆ ತುಂಬುತ್ತಿದ್ದರು. ಆಗ ಕುಂದಾಪುರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಎಲ್ಲ ಕೆಲಸವೂ ಕೀಬೋರ್ಡಿನಲ್ಲೇ, ಮೌಸು ಮುಟ್ಟಿದರೆ ನನಗೆ ಮೈಲಿಗೆ! ಯಾರಾದರೂ ನೋಡುತ್ತಿದ್ದರೆ ಗತ್ತು ಇನ್ನೂ ಜೋರು.

ಕಂಪ್ಯೂಟರ್ ನಿಧಾನವಾಗಿದೆಯೆಂದು ಕರೆಸಿದ್ದರು. ಹಳೆಯ ಸಾಫ್ಟ್‌ವೇರೇನೋ ಕಂಡಿತು, ತೆಗೆಯಹೊರಟೆ. ಹೀಗೇ ಉದ್ದನೆಯ ಪಟ್ಟಿ ಬಂತು. ಪದಗಳನ್ನು ಕಾಪಿಟ್ಟಿದ್ದ ಸಾಫ್ಟ್‌ವೇರಿನ ಹೆಸರೂ ಅದರಲ್ಲಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಸರೋಜಕ್ಕ, "ಹ್ವಾಯ್, ಉಂಬುಕೆ ಬಾ ಮಗಾ, ಬಂಗ್ಡಿ ತಣ್ದ್ ಹೋತ್ತ್!" ಎಂದರು. ಪಟ್ಟಿಯನ್ನು ಪೂರ್ತಿ ಓದದೆ 'ಹೌದು' ಒತ್ತಿದೆ. ಅವುಗಳಲ್ಲಿದ್ದ ಮಾಹಿತಿಯನ್ನೂ ಅಳಿಸಲೇ ಎಂದು ಕೇಳಿತು. ಅದಕ್ಕೂ ಹೌದೆಂದು ಎದ್ದೆ.

ಉಂಡು ಬಂದು ನೋಡಿದರೆ ಆರು ವರ್ಷದ ಪದಗಳು ಖಾಲಿ. ಕೆಲವು ನೋಟ್‌ಬುಕ್ಕಿನಲ್ಲಿದ್ದವು. ಆದರೆ ಅದರ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡ ಅವರ ಅಪ್ಪ ಹಾಸಿಗೆಯಲ್ಲಿ ಮಲಗಿ ಹೇಳಿದ ಗಾಳಿಯ ಹೆಸರುಗಳನ್ನು ಸರೋಜಕ್ಕ ನೇರ ಕಂಪ್ಯೂಟರಿಗೇ ಬರೆದಿದ್ದರು. ಬೇರೆ ಪ್ರತಿ ಇರಲಿಲ್ಲ. ಅಳಿಸುವ ಮೊದಲು ಪ್ರತಿ ತೆಗೆದಿಡಬೇಕಾದವನು ನಾನೇ.

"ನಾವ್ ಉಂಬತಿಗೆ ಕರೆಂಟ್ ಒಂದ್ಸಲ ಹೋಯಿ ಬಂತಲೆ ಅಕ್ಕಾ, ಅದ್ರಂಗೆ ಹಾಳಾಯ್ತ್ ಕಾಣಿ," ಅಂದುಬಿಟ್ಟೆ. ಥೂ, ಉಣ್ಣುವಾಗ ಕರೆಂಟು ಹೋಯಿತೆಂಬ ಆ ಸುಳ್ಳನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅವರು ಪರದೆಯನ್ನೇ ನೋಡುತ್ತ ಕೂತರು. "ಅಪ್ಪಯ್ಯನ್ ಗಾಳಿ ಎಲ್ಲ ಹೋಯ್ತಾ?" ಎಂದರು. ಬೈಯಲಿಲ್ಲ.

ಎಂಟು ವರ್ಷ ಆ ಕಡೆ ತಲೆ ಹಾಕಲಿಲ್ಲ ನಾನು. ಇವತ್ತು ಪಟ್ಟಿಗೆ 'ಬೇಡ' ಒತ್ತಿದವನೇ ಬಸ್ಸು ಹತ್ತಿದೆ. ಅವರ ಜಗಲಿಯಲ್ಲಿ ನಿಂತೇ ಎಲ್ಲವನ್ನೂ ಒಪ್ಪಿಕೊಂಡೆ.

"ಗೊತ್ತಿತ್ತ್ ಮಾರಾಯಾ," ಅಂದರು ಸರೋಜಕ್ಕ. "ಅವತ್ತ್ ನೀ ಉಂಬತಿಗೆ ತಲಿ ಮೇಲ್ ಫ್ಯಾನ್ ನಿಂತದ್ದೇ ಇಲ್ಲ."

"ಮತ್ತೆಂತಕ್ಕೆ ಹೇಳ್ಲಿಲ್ಲ ಅಕ್ಕಾ?"

"ನೀನೇ ಹೇಳ್ತೆ ಅಂದೇಳಿ ಕಾದೆ. ಅಪ್ಪಯ್ಯ ಹೇಳದ್ರಗೆ ನಂಗೀಗ ನೆನ್ಪಿಪ್ದ್ ಮೂರೇ ಗಾಳಿ. ಬಾ, ಉಂಬ."

ಅವತ್ತು ಉಂಡ ಜಾಗದಲ್ಲೇ ಬಟ್ಟಲಿಟ್ಟು ಬಡಿಸಿದರು. ಮೇಲೆ ಫ್ಯಾನ್ ತಿರುಗುತ್ತಿತ್ತು. ಉಂಡು ಮುಗಿಯುವವರೆಗೂ ನಾನು ತಲೆ ಎತ್ತಲಿಲ್ಲ.