ಕಹಿ ನೋಡುವ ಕೆಲಸ

ನಮ್ಮ ಕೃಷಿ ಕಾಲೇಜಿನ ಬ್ಯಾಚಿನವರದೊಂದು ವಾಟ್ಸಾಪ್ ಗುಂಪಿದೆ. ವರ್ಷಕ್ಕೊಮ್ಮೆ ಯಾರಿಗಾದರೂ ಹುಕಿ ಬಂದು, ಎಲ್ಲರೂ ಈಗ ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ, ಎರಡು ಸಾಲು ಬರೆಯಿರಿ ಅನ್ನುತ್ತಾರೆ. ಶುರುವಾಯಿತು ನೋಡಿ ಮೆರವಣಿಗೆ! ಒಬ್ಬ ಜಂಟಿ ನಿರ್ದೇಶಕ, ಇನ್ನೊಬ್ಬನಿಗೆ ಎರಡನೇ ಗೊಬ್ಬರದ ಅಂಗಡಿ, ಮತ್ತೊಬ್ಬಳು ಪ್ರೊಫೆಸರು. ಹೊಸ ಕಾರಿಗೆ ಒರಗಿ ನಿಂತ ಫೋಟೋ ಬೇರೆ. ನಾನೂ ಬರೆದಿದ್ದೇನೆ: ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ, ವರ್ಗವಾಗಿ ಮಹಾರಾಷ್ಟ್ರ, ಆರಾಮ. ಆಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ, ನೀನೂ ಅಲ್ಲೇ ಇದ್ದೆಯಲ್ಲ, ನಮ್ಮ ನಾಲಿಗಿ ಏನು ಮಾಡುತ್ತಾಳೆ ಎಂದು. ಚೆನ್ನಾಗಿದ್ದಾಳೆ ಅಂತ ಬರೆದು ಫೋನು ಬೋರಲು ಹಾಕುತ್ತೇನೆ. ಅವಳ ಸಂಗತಿ ಎರಡು ಸಾಲಿಗೆ ಹಿಡಿಸುವುದಿಲ್ಲ.

ನಾಲಿಗಿ ಅಂತ ಹೆಸರಿಟ್ಟದ್ದು ಧಾರವಾಡದ ಹಾಸ್ಟೆಲಿನಲ್ಲಿ. ಮೆಸ್ಸಿನ ಸಾರು ತುದಿನಾಲಗೆಗೆ ಮುಟ್ಟಿಸಿ, ಬೇಳೆ ನಿನ್ನೆಯದು, ಒಗ್ಗರಣೆ ಇವತ್ತಿನದು ಅನ್ನುತ್ತಿದ್ದಳು. ಅಡುಗೆಯವರಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಓದು ಮುಗಿಸಿ ಒಂದು ಬೀಜದ ಕಂಪನಿ ಸೇರಿದಳು. ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ರಸ್ತೆಯಲ್ಲಿ ಅವರ ಸಂಶೋಧನೆಯ ಹೊಲ. ಊರಿಗೆ ಆಗಿನ್ನೂ ಔರಂಗಾಬಾದ್ ಅನ್ನುತ್ತಿದ್ದೆವು. ನಾನು ಅಲ್ಲಿಗೆ ವರ್ಗವಾಗಿ ಹೋದಾಗ ಅವಳು ಒಂದೇ ಸೌತೆಯ ತಳಿಯ ಬೆನ್ನು ಹತ್ತಿ ಏಳೆಂಟು ವರ್ಷವಾಗಿತ್ತು. ಮದುವೆ ಮಾತು ತೆಗೆದವರನ್ನೆಲ್ಲ, ಸೌತೆ ಮುಗೀಲಿ ತಡೀರಿ, ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಸೌತೆಯಲ್ಲಿ ಕಹಿಯೆಂಬುದು ಎಲ್ಲೋ ಅಡಗಿ ಕುಳಿತಿರುತ್ತದೆ, ಅದನ್ನು ಹಿಡಿಯಲು ನಾಲಗೆಯೇ ಬೇಕು. ಒಂದೊಂದು ಬಳ್ಳಿಯಿಂದ ಒಂದೊಂದು ಕಾಯಿ ಕೊಯ್ದು, ತೊಟ್ಟಿನ ಕಡೆಯ ಬಿಲ್ಲೆ ತೆಗೆದು, ಕಚ್ಚಿ ನೋಡಿ ಉಗುಳಬೇಕು. ಕಹಿ ಬಂದರೆ ಬಳ್ಳಿಯನ್ನು ಬೇರುಸಮೇತ ಕಿತ್ತೆಸೆಯಬೇಕು, ಅದರ ಬೀಜ ಮುಂದಕ್ಕೆ ಹೋಗಕೂಡದು. ಈ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಟ್ಟವಳೇ ಅಲ್ಲ.

ಅಂಥವಳಿಗೆ ದವಡೆಯ ಕೆಳಗೆ ಗಂಟಾಯಿತು. ತಂಬಾಕಿಲ್ಲ, ಅಡಿಕೆಯಿಲ್ಲ, ಏನೂ ಇಲ್ಲ. ಅವಳ ಅಕ್ಕನ ಮನೆ ನಾಸಿಕದಲ್ಲಿತ್ತು, ಭಾವ ಕೇಂದ್ರ ಸರ್ಕಾರದ ನೌಕರ. ಅಲ್ಲೇ ಆಪರೇಷನ್ ಮಾಡಿಸಿದರು, ಆಮೇಲೆ ರೇಡಿಯೇಷನ್. ನಾನು ನೋಡಲು ಹೋದ ದಿನ ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದಳು. ಸಕ್ಕರೆ ಚಿಟಿಕೆ, ಉಪ್ಪು ಚಿಟಿಕೆ, ಮೆಂತ್ಯದ ಕಾಳು ಬಾಯಿತುಂಬ. ಕಟಕಟ ಅಗಿದು ನುಂಗಿ ನನ್ನ ಕಡೆ ತಿರುಗಿದಳು. "ಖಾರ ಅಷ್ಟ ಗೊತ್ತಾಗತೈತಿ. ಉಳಿದದ್ದೆಲ್ಲಾ ಒದ್ದಿ ಬಟ್ಟಿ ಅಗದಂಗ." ಡಾಕ್ಟರು, ಕೆಲವರಿಗೆ ತಿಂಗಳುಗಳಲ್ಲಿ ವಾಪಸ್ ಬರುತ್ತದೆ, ಕೆಲವರಿಗಿಲ್ಲ, ಜೀವ ಉಳಿಯಿತಲ್ಲ ಅಂದಿದ್ದರಂತೆ. ನಾನು ಡಬ್ಬಿಗಳ ಮುಚ್ಚಳ ಹಾಕಿ, ಊಟದ ಹೊತ್ತಾಯಿತು ಬಾ ಅಂದೆ.

ಕೆಲಸಕ್ಕೆ ಮರಳಿದವಳು ಆಫೀಸಿನಲ್ಲಿ ಎಲ್ಲ ಮೊದಲಿನಂತಾಗಿದೆ ಎಂದುಬಿಟ್ಟಳು. ಇಲ್ಲವೆಂದಿದ್ದರೆ ಹೊಲ ಬಿಡಿಸಿ ಮೇಜಿನ ಕೆಲಸಕ್ಕೆ ಕೂರಿಸುತ್ತಿದ್ದರು, ತಳಿ ಹೆಡ್ ಆಫೀಸಿನ ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ಆ ಜನವರಿಯ ಭಾನುವಾರಗಳಲ್ಲಿ ಅವಳ ನಾಲಗೆ ನಾನಾದೆ. ಬ್ಯಾಂಕಿನ ಮ್ಯಾಡಂ ಹೊಲ ನೋಡಲು ಬಂದಿದ್ದಾರೆ ಅನ್ನುವ ನಾಟಕ. ಅವಳು ಕೊಯ್ದು ಕೊಡುವುದು, ನಾನು ಕಚ್ಚುವುದು. ಕಹಿಯಾದರೆ ನಾನು ಸೆರಗು ಸರಿಮಾಡಿಕೊಳ್ಳಬೇಕು, ಅವಳು ಬಳ್ಳಿ ಕೀಳಬೇಕು. ಒಂದು ಕಹಿ ಬಾಯಿಗೆ ಬಿದ್ದರೆ ಬೆಲ್ಲ ತಿಂದು, ಬಾಯಿ ಮುಕ್ಕಳಿಸಿ, ಸುಮ್ಮನೆ ಕಾಯಬೇಕು. ನನ್ನನ್ನು ಕಾಯಿಸುತ್ತ ಅವಳು ಬೈಯುತ್ತಿದ್ದಳು, ಹಾಸ್ಟೆಲಿನ್ಯಾಗ ನೀ ಹಳಸಿದ್ದನ್ನೂ ತಿಂತಿದ್ದಿ, ನಿನ್ನ ನಂಬೋ ಹಣೇಬಾರ ಬಂತು ನನಗ ಎಂದು. ನಗುತ್ತಿದ್ದೆವು, ಸುಳ್ಳೇಕೆ ಹೇಳಲಿ.

ಉಳಿದ ಬಳ್ಳಿಗಳ ಬೀಜ ತೆಗೆದು ಫೆಬ್ರವರಿಯಲ್ಲಿ ಬಿತ್ತಿದಳು. ಏಪ್ರಿಲಿನಲ್ಲಿ ಆ ಬೆಳೆಯನ್ನೇ ರೈತರಿಗೆ, ಬೀಜದ ವ್ಯಾಪಾರಿಗಳಿಗೆ ತೋರಿಸುವ ಕಾರ್ಯಕ್ರಮವಿತ್ತು. ಅದು ಪಾಸಾದರೆ ತಳಿ ಮಾರುಕಟ್ಟೆಗೆ, ಇಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ಅಲ್ಲಿಗೇ ನಿಲ್ಲುತ್ತದೆ. ಬಿಸಿಲು ಏರಿದಾಗ ಸೌತೆ ಕಹಿಗೆ ತಿರುಗಬಲ್ಲದು, ಚಳಿಯಲ್ಲಿ ಸಿಹಿಯಿದ್ದ ತಳಿಯೂ ನಂಬಿಕೆಗೆ ಯೋಗ್ಯವಲ್ಲ. ನಾವಿಬ್ಬರೂ ಪರೀಕ್ಷೆಯಲ್ಲಿ ಬರೆದು ಪಾಸಾದ ವಿಷಯವಿದು! ಕಾರ್ಯಕ್ರಮಕ್ಕೆ ಮೊದಲು ಒಂದು ಭಾನುವಾರ ಮತ್ತೆ ಬರುತ್ತೇನೆ ಅಂದೆ. ಬೇಡ ಅಂದಳು. ಆಳಿನ ಹೆಂಗಸರು, ಬ್ಯಾಂಕಿನವಳು ಸೌತೆ ತಿನ್ನಲಿಕ್ಕೇ ಬರುತ್ತಾಳೆ ಎಂದು ಆಡಿಕೊಳ್ಳತೊಡಗಿದ್ದಾರೆ, ಆಫೀಸಿಗೆ ಮುಟ್ಟಿದರೆ ಮುಗಿಯಿತು. ಹೋದ ಸಲ ಎಲ್ಲ ನೋಡಿದ್ದೇವಲ್ಲ, ಅಷ್ಟು ಸಾಕು.

ಕಾರ್ಯಕ್ರಮದ ದಿನ ಶಾಮಿಯಾನದ ಕೆಳಗೂ ಬೆಂಕಿ ಸುರಿದಂಥ ಬಿಸಿಲು. ಬ್ಯಾಂಕಿನ ಪರವಾಗಿ ನಾನೂ ಹೋಗಿದ್ದೆ. ಹೆಡ್ ಆಫೀಸಿನಿಂದ ಬಂದಿದ್ದ ಸಾಹೇಬರು ತಾವೇ ಸಾಲಿನಿಂದ ಕಾಯಿ ಕೊಯ್ದು ಬಿಲ್ಲೆ ಮಾಡಿ ಹಂಚಿದರು. ನನ್ನ ಪಕ್ಕದ ವ್ಯಾಪಾರಿ ಕಚ್ಚಿದವನೇ ಕರವಸ್ತ್ರಕ್ಕೆ ಉಗುಳಿದ. ನಾನೂ ಕಚ್ಚಿದೆ. ಬೇವಿನ ಕಡ್ಡಿಯಂಥ ಕಹಿ.

ಅವಳು ಇದ್ಯಾವುದನ್ನೂ ನೋಡಿರಲಿಲ್ಲ, ಆ ತುದಿಯಲ್ಲಿ ರೈತರಿಗೆ ಏನನ್ನೋ ವಿವರಿಸುತ್ತಿದ್ದಳು. ಸಾಹೇಬರು ಕರೆದು ಅದೇ ಕಾಯಿಯ ತೊಟ್ಟಿನ ಬಿಲ್ಲೆ ಅವಳ ಕೈಗಿಟ್ಟರು. ನಾನು ಸೆರಗು ಸರಿಮಾಡಿಕೊಂಡೆ, ಕೆಮ್ಮಿದೆ. ಅವಳು ನನ್ನ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು, ನುಂಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ, ಸಿಹಿಯಾಗಿದೆ ಸರ್, ಇದರಲ್ಲಿ ಕಹಿಯೇ ಇಲ್ಲ, ಅಂದಳು.

ಯಾರೂ ನಗಲಿಲ್ಲ. ನಕ್ಕಿದ್ದರೂ ಒಳ್ಳೆಯದಿತ್ತು. ಸಾಹೇಬರು ಚಾಕು ಒರೆಸಿ ಕೆಳಗಿಟ್ಟು, ಊಟಕ್ಕೆ ಏಳಿ ಎಂದು ಜನರನ್ನು ಎಬ್ಬಿಸಿದರು. ಆಗ ಅವಳು ನನ್ನ ಮುಖ ನೋಡಿದಳು.

ಸಂಜೆ ಎಲ್ಲ ಹೋದ ಮೇಲೆ ನಾನು ಬದುವಿನ ಮೇಲೆ ಕುಳಿತಿದ್ದೆ. ಸಾಹೇಬರು ಒಳಗೆ ಕರೆದು ಏನಂದರೋ ಅವಳು ಹೇಳಲಿಲ್ಲ. ಹತ್ತಿರ ಬಂದು ಒಂದೇ ಮಾತು ಕೇಳಿದಳು.

"ಭಾಳ ಕಹಿ ಇತ್ತೇನು?"

"ಹೂಂ," ಅಂದೆ.

ಮನೆಗೆ ಹೊರಟಿದ್ದ ಆಳಿನ ಹೆಂಗಸರನ್ನು ಅವಳು ವಾಪಸ್ ಕೂಗಿದಳು. ತನಗೆ ರುಚಿ ಗೊತ್ತಾಗುವುದಿಲ್ಲವೆಂದು ಮರಾಠಿಯಲ್ಲಿ, ಗಟ್ಟಿಯಾಗಿ, ಎಲ್ಲರೆದುರು ಹೇಳಿದಳು. ತಿಂಗಳುಗಟ್ಟಲೆ ಮುಚ್ಚಿಟ್ಟ ಮಾತು. ಆಮೇಲೆ ಸಾಲುಸಾಲಾಗಿ ನಡೆಯುತ್ತ ಕಾಯಿ ಕೊಯ್ದು ಒಬ್ಬೊಬ್ಬರ ಕೈಗೆ ಕೊಟ್ಟು, ಕಡೂ ಆಹೇ ಕಾ, ಕಹಿ ಇದೆಯಾ ಎಂದು ಕೇಳಿದಳು. ಹೌದು ಅಂದಲ್ಲೆಲ್ಲ ಬಗ್ಗಿ ಬಳ್ಳಿ ಕಿತ್ತಳು. ನಾನೂ ಕೀಳಲು ಹೋದೆ, ನೀ ಬ್ಯಾಡ ಎಂದು ಕೈ ಸರಿಸಿದಳು. ಅಷ್ಟು ಹೊತ್ತೂ ಸಿಹಿಯೆಂದು ಯಾರೂ ಹೇಳಲಿಲ್ಲ.

ಕೊನೆಯ ಸಾಲಿನಲ್ಲಿ ಒಬ್ಬ ಮುದುಕಿ ಬಿಲ್ಲೆಯನ್ನು ಬಹಳ ಹೊತ್ತು ಅಗಿದಳು. ಮುಖ ಕಿವುಚಿದರೂ ಉಗುಳದೆ ನುಂಗಿದಳು. "ಗೋಡ್ ಆಹೇ, ಮ್ಯಾಡಂ," ಅಂದಳು, ಸಿಹಿ ಇದೆ ಎಂದು. ನನ್ನ ಗೆಳತಿ ಆ ಮುದುಕಿಯ ಕಣ್ಣನ್ನೇ ನೋಡುತ್ತ ನಿಂತಳು. ಅವಳ ಹೆಗಲು ಮುಟ್ಟಿ, ಹೋಗಿ ಬಾ ಆಯೀ ಅಂದಳು. ಆಮೇಲೆ ಬಗ್ಗಿ ಆ ಬಳ್ಳಿಯನ್ನೂ ಕಿತ್ತಳು.