ಹಿತ್ತಲಲ್ಲಿ ಕಟ್ಟಿದ ಕಲ್ಲು ಹತ್ತುವ ಗಾಡಿ

ಲಾಕ್‌ಡೌನ್ ಪೂರ್ತಿ ತೆರವಾಗಿ ಮುಂಬಯಿಯ ಹೋಟೆಲುಗಳೆಲ್ಲ ಮತ್ತೆ ಬಾಗಿಲು ತೆರೆದ ವರ್ಷ ಅದು. ಹೋಟೆಲು ತೆರೆದರೆ ನಮ್ಮ ಮನೆಗೂ ಕೆಲಸ. ನನ್ನ ಗಂಡ ವಸಂತ ವೆಲ್ಡರ್. ಹೋಟೆಲಿನ ಅಡುಗೆಮನೆಗೆ ಬೇಕಾದ ದೊಡ್ಡ ಒಲೆ, ದೋಸೆಕಲ್ಲಿನ ಸ್ಟ್ಯಾಂಡು, ಸಿಂಕು ಎಲ್ಲ ಮಾಡುತ್ತಿದ್ದರು. ಜೋಗೇಶ್ವರಿಯಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಮದುವೆಗೆ ಮೊದಲಿನಿಂದಲೂ, ಅದೇ ಕೆಲಸ.

ಎಲ್ಲರಿಗೂ ಕೆಲಸ ವಾಪಸು ಬಂದ ಆ ವರ್ಷವೇ ಇವರ ಬಲಗೈ ನಡುಗಲು ಶುರುವಾಯಿತು. ಮೊದಲು ನೋಡಿದ್ದು ನಾನು. ಟೀವಿ ನೋಡುತ್ತಾ ಕುಳಿತಿದ್ದಾಗ ತೊಡೆಯ ಮೇಲಿದ್ದ ಕೈ ತನ್ನಷ್ಟಕ್ಕೆ ಜಪಮಣಿ ಎಣಿಸುವ ಹಾಗೆ ಆಡುತ್ತಿತ್ತು. ಚಳಿಯಾ ಎಂದು ಕೇಳಿದೆ. ಇಲ್ಲ ಎಂದರು, ಕೈಯನ್ನು ಮಡಿಚಿ ಅಡಿಯಲ್ಲಿಟ್ಟುಕೊಂಡರು. ಆಮೇಲೆ ಡಾಕ್ಟರು ಪಾರ್ಕಿನ್ಸನ್ಸ್ ಎಂಬ ಹೆಸರು ಹೇಳಿದರು. ಗುಣವಾಗುವ ಕಾಯಿಲೆಯಲ್ಲ, ಮಾತ್ರೆ ತೆಗೆದುಕೊಂಡರೆ ನಿಧಾನವಾಗುತ್ತದೆ, ಅಷ್ಟೇ ಎಂದರು. ವರ್ಕ್‌ಶಾಪಿನ ಮಾಲೀಕರು ಒಳ್ಳೆಯವರು. ಸ್ವಲ್ಪ ದಿನ ಆರಾಮ ಮಾಡಿ ಎಂದು ಕಳಿಸಿದರು. ಆ ‘ಸ್ವಲ್ಪ ದಿನ’ದ ಅರ್ಥ ಇವರಿಗೂ ಗೊತ್ತಿತ್ತು, ನನಗೂ.

ಮನೆಯಲ್ಲಿ ಕುಳಿತ ಇವರು ಮೊಬೈಲ್ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಬರೀ ಪೈಪುಗಳಿಂದ ಕಟ್ಟಿದ, ಬಾಗಿಲೂ ಮೇಲೆ ಮಾಡೂ ಇಲ್ಲದ, ದೊಡ್ಡ ದೊಡ್ಡ ಚಕ್ರದ ಗಾಡಿಗಳು ಬಂಡೆಗಳ ಮೇಲೆ ಹತ್ತುವ ವೀಡಿಯೊಗಳು. ರೇಸ್ ಅಲ್ಲ. ಏಡಿ ನಡೆದ ಹಾಗೆ, ಒಂದೊಂದೇ ಚಕ್ರ ಇಟ್ಟು, ನಿಂತು, ಮತ್ತೆ ಇಟ್ಟು ಹತ್ತುವುದು. ಅದಕ್ಕೆ ಬಗ್ಗಿ ಅನ್ನುತ್ತಾರೆ ಎಂದು ಇವರೇ ಹೇಳಿದ್ದು.

ಒಂದು ಭಾನುವಾರ ಟೆಂಪೋದಲ್ಲಿ ಹಳೆಯ ಜೀಪಿನ ಚಾಸಿ, ಅಂದರೆ ಬರೀ ಅಡಿಯ ಚೌಕಟ್ಟು, ಬಂದು ನಮ್ಮ ಹಿತ್ತಲಲ್ಲಿ ಇಳಿಯಿತು. ನಮ್ಮದು ಸಾಲುಮನೆಗಳ ಚಾಳಿನ ಕೊನೆಯ ಮನೆ. ಪಕ್ಕದಲ್ಲಿ ರಸ್ತೆಯವರೆಗೆ ಒಂದಿಷ್ಟು ಖಾಲಿ ಜಾಗ, ಮೇಲೆ ತಗಡು. ನಮಗೆ ಅದೇ ಹಿತ್ತಲು. ಅತ್ತೆ ಇದ್ದಾಗ ಅಲ್ಲಿ ಬಸಳೆ ಚಪ್ಪರ ಇತ್ತು.

“ಇದು ಎಂಥದು?” ಎಂದೆ. ಮನೆಯಲ್ಲಿ ನಾವು ಆಡುವುದು ತುಳು. ಆ ಮಾತುಗಳನ್ನು ನೆನಪಿದ್ದಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಕೈ ಪೂರ್ತಿ ಹೋಗುವ ಮೊದಲು ನನ್ನದು ಅಂತ ಒಂದು ಮಾಡ್ಬೇಕು ಮಾರಾಯ್ತಿ. ಇಷ್ಟು ವರ್ಷ ಬೇರೆಯವರ ಒಲೆ ಮಾಡಿದ್ದೇ ಆಯಿತು.”

ಮಗಳು ಪ್ರಜ್ಞಾ ಆಫೀಸಿಗೆ ಹೋಗುವವಳು. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಆಡುವಾಗ ಎಲ್ಲ ಸೇರಿಕೊಳ್ಳುತ್ತದೆ. “ಪಪ್ಪಾ, ಇದು ರೋಡ್ ಮೇಲೆ ಅಲೌಡ್ ಇಲ್ಲ. ಪೊಲೀಸ್ ಪಕಡೇಗಾ, ಹಿಡೀತಾರೆ” ಎಂದಳು.

“ರೋಡಿಗೆ ಯಾರು ಮಾಡ್ತಾರೆ? ಇದು ಕಲ್ಲಿಗೆ” ಎಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ನೋಡಿದೆ. ಹಾಗಾಗಿ ನಾನು ಬೇಡ ಎನ್ನಲಿಲ್ಲ.

ಕುರ್ಲಾದ ಗುಜರಿಯಿಂದ ಎಂಜಿನ್ ಬಂತು, ಯಾವುದೋ ಕಾರಿನ ಎರಡು ಸೀಟು ಬಂತು, ಅಗಲವಾದ ಟಯರು ಬಂತು. ಬೈಕುಲ್ಲಾದಲ್ಲಿ ಹೋಟೆಲು ಇಟ್ಟಿರುವ ಸದಾನಂದಣ್ಣ ಇವರ ಹಳೆಯ ಸ್ನೇಹಿತರು. ಅವರ ಹೋಟೆಲಿನ ಒಲೆಗಳೆಲ್ಲ ಇವರು ಮಾಡಿದವೇ. ಕರ್ಜತ್ ಕಡೆ ಅವರಿಗೆ ಒಂದು ತುಂಡು ಜಮೀನು ಇತ್ತು, ಬರೀ ಬಂಡೆ. “ನೀನು ಗಾಡಿ ಮುಗಿಸು, ಹತ್ತಿಸಲಿಕ್ಕೆ ಕಲ್ಲು ನಾನು ಕೊಡ್ತೇನೆ” ಎಂದು ಅವರೇ ಹುರಿದುಂಬಿಸಿದರು.

ಗಾಡಿ ಮಗುಚಿದರೂ ಒಳಗಿದ್ದವರು ಅಪ್ಪಚ್ಚಿಯಾಗದ ಹಾಗೆ ಸುತ್ತ ಪೈಪಿನ ಪಂಜರ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಬುಡದ ಜೋಡಣೆಗಳನ್ನೆಲ್ಲ ಇವರೇ ವೆಲ್ಡ್ ಮಾಡಿದರು. ಸಾಲು ಹಿಡಿದು ಹೆಣೆದ ಹಾಗಿತ್ತು. ಮಳೆಗಾಲ ಬಂತು, ಹೋಯಿತು. ಪಂಜರದ ಮೇಲಿನ ಭಾಗಕ್ಕೆ ಬರುವಾಗ ಮಾತ್ರೆಯ ಬಲ ಸಾಲದಾಗಿತ್ತು. ವೆಲ್ಡಿಂಗ್ ರಾಡು ಹಿಡಿದ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿದ್ದ ನನಗೆ ಹಿತ್ತಲಿನಿಂದ ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಹೋಗಿ ನೋಡಿದರೆ ಬೆಳಿಗ್ಗೆ ತಾವೇ ಮಾಡಿದ ವೆಲ್ಡಿಂಗನ್ನು ತಾವೇ ಉಜ್ಜಿ ತೆಗೆಯುತ್ತಿದ್ದರು.

“ಇದು ನಾನು ಮಾಡಿದ್ದು ಅಂತ ಯಾರಿಗೂ ಹೇಳ್ಬೇಡ” ಎಂದರು.

ಬೇರೆ ವೆಲ್ಡರನ್ನು ಕರೆಯೋಣ ಎಂದೆ. ತಲೆ ಅಲ್ಲಾಡಿಸಿದರು. ಕಪ್ಪು ಗಾಜಿನ ಮುಖವಾಡ ತೆಗೆದು ನನ್ನ ಕಡೆ ಚಾಚಿದರು. “ನೀನು ಹಿಡಿ. ನಾನು ಹೇಳ್ತೇನೆ.”

ನಾನು ಮನೆಯಲ್ಲಿ ಫ್ಯೂಸು ಹಾಕಿದವಳೂ ಅಲ್ಲ. ಮೊದಲ ದಿನ ರಾಡು ಕಬ್ಬಿಣಕ್ಕೆ ಅಂಟಿಕೊಂಡು ಕಿತ್ತು ಬರಲಿಲ್ಲ. ಕಿಡಿ ಬಿದ್ದು ಎರಡು ಸೀರೆ ತೂತಾಯಿತು, ಆಮೇಲೆ ಇವರದೇ ಹಳೆಯ ಪ್ಯಾಂಟು ಶರ್ಟು ಹಾಕಿಕೊಂಡೆ. ಚಾಳಿನ ಹೆಂಗಸರು ನಗಾಡಿದರು. ಇವರು ನನ್ನ ಬೆನ್ನ ಹಿಂದೆ ಸ್ಟೂಲ್ ಹಾಕಿ ಕುಳಿತು, “ಅವಸರ ಮಾಡ್ಬೇಡ, ಕರಗಿದ್ದು ನೋಡು, ರಾಡು ನೋಡ್ಬೇಡ” ಎನ್ನುತ್ತಿದ್ದರು. ಗುಜರಿ ತುಂಡುಗಳ ಮೇಲೆ ಎಷ್ಟೋ ವಾರ ಮಾಡಿಸಿದ ಮೇಲೆ ಪಂಜರ ಮುಟ್ಟಲು ಬಿಟ್ಟರು. ಆ ದಿನಗಳಲ್ಲಿ ನಾವು ಮಾತಾಡಿದಷ್ಟು ಮದುವೆಯಾದ ಮೇಲೆ ಎಂದೂ ಮಾತಾಡಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ನನ್ನ ಕೈ ಕಲಿಯುತ್ತಾ ಹೋದ ಹಾಗೆ ಅವರ ಕೈ ಮರೆಯುತ್ತಾ ಹೋಯಿತು. ಅದನ್ನು ಇಬ್ಬರೂ ನೋಡುತ್ತಿದ್ದೆವು. ನನ್ನ ಒಂದು ಜೋಡಣೆ ಚೆನ್ನಾಗಿ ಕೂತ ದಿನ ಅವರು ಬೆರಳಿನಿಂದ ಅದನ್ನು ಸವರಿ, ಸರಿ ಉಂಟು ಎಂದು ಹೇಳಿ, ಒಳಗೆ ಹೋಗಿ ಮಲಗಿಬಿಟ್ಟರು. ಊಟಕ್ಕೂ ಏಳಲಿಲ್ಲ.

ಮರುವರ್ಷದ ಚಳಿಗಾಲಕ್ಕೆ ಗಾಡಿ ಮುಗಿಯಿತು. ಬೆಂಕಿಯ ಬಣ್ಣ ಬೇಕು ಎಂದು ಇವರೇ ಕೇಸರಿ ಬಳಿಸಿದರು. ಟ್ರಕ್ಕಿಗೆ ಹೇರಿ ಕರ್ಜತ್ ಕಡೆಗೆ ಹೊರಟೆವು. ಪ್ರಜ್ಞಾ ರಜೆ ಹಾಕಿ ಬಂದಳು. ಸದಾನಂದಣ್ಣ ಮೊದಲೇ ಹೋಗಿ, ಒಣಗಿದ ತೊರೆಯ ಪಕ್ಕ ತೀರಾ ಕಡಿದಲ್ಲದ ಒಂದು ಬಂಡೆಸಾಲು ನೋಡಿಟ್ಟಿದ್ದರು.

ಇವರು ಮಾತ್ರೆ ತೆಗೆದುಕೊಂಡು, ಅದರ ಬಲ ಮೈಗೆ ಹತ್ತುವವರೆಗೆ ಮರದ ಕೆಳಗೆ ಕಾದರು. ಕೈ ತಕ್ಕಮಟ್ಟಿಗೆ ನಿಂತಿತು. ಸದಾನಂದಣ್ಣ, “ವಸಂತ, ಇವತ್ತು ನನ್ನ ಡ್ರೈವರ್ ಹತ್ತಿಸಲಿ, ನೀನು ಪಕ್ಕದಲ್ಲಿ ಕೂತ್ಕೋ” ಎಂದರು.

“ಮಾಡಿದ್ದು ನಾನು, ಬಿಡುವುದು ಅವನಾ?” ಎಂದರು ಇವರು. ನಾನೇ ಬೆಲ್ಟು ಬಿಗಿದೆ. ಹೆಲ್ಮೆಟ್ಟಿನ ಪಟ್ಟಿಯನ್ನೂ ನಾನೇ ಹಾಕಿದೆ, ಅವರ ಬೆರಳಿಗೆ ಆ ಕೊಂಡಿ ಸಿಗುತ್ತಿರಲಿಲ್ಲ.

ಮೊದಲ ಬಂಡೆ ಹತ್ತಿದರು. ನಿಜವಾಗಿ ಏಡಿಯ ಹಾಗೆ. ಮುಂದಿನ ಚಕ್ರ ಮೇಲೇರಿ, ಸ್ಪ್ರಿಂಗು ಚಾಚಿ, ಹಿಂದಿನ ಚಕ್ರ ನಿಧಾನ ಹಿಂಬಾಲಿಸಿತು. ಪ್ರಜ್ಞಾ ಕಿರುಚಿ ಚಪ್ಪಾಳೆ ತಟ್ಟಿದಳು. ಎರಡನೆಯದರ ಮೇಲೆ ಮುಂದಿನ ಚಕ್ರ ಇಟ್ಟು ನಿಂತರು. ಅಲ್ಲಿ ಆಕ್ಸಿಲರೇಟರಿನ ಮೇಲೆ ಸ್ವಲ್ಪವೇ ಕಾಲು ಒತ್ತಿ, ತಕ್ಷಣ ಎತ್ತಬೇಕು. ಇವರು ಒತ್ತಿದರು. ಎತ್ತಲಿಲ್ಲ. ಎಂಜಿನ್ ಗರ್ಜಿಸಿತು. ಗಾಡಿಯ ಮೂಗು ಆಕಾಶ ನೋಡಿತು. “ಕಾಲು ತೆಗಿ, ಕಾಲು ತೆಗಿ” ಎಂದು ಸದಾನಂದಣ್ಣ ಕೂಗುತ್ತಲೇ ಇದ್ದರು. ಗಾಡಿ ಓರೆಯಾಗಿ ಹಿಂದಕ್ಕೆ ಮಗುಚಿತು. ಒಂದು ಸುತ್ತು ಉರುಳಿ, ಕೆಳಗಿನ ಮರಳಿನಲ್ಲಿ ತಲೆಕೆಳಗಾಗಿ ನಿಂತಿತು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು.

ನಾನು ಹೇಗೆ ಓಡಿದೆ ಎಂದು ನೆನಪಿಲ್ಲ. ಚಪ್ಪಲಿ ಎಲ್ಲೋ ಹೋಗಿತ್ತು. ಸದಾನಂದಣ್ಣ ಒಳಗೆ ಕೈ ಹಾಕಿ ಎಂಜಿನ್ ನಿಲ್ಲಿಸಿದರು. ಡೀಸೆಲ್ ವಾಸನೆ. ಇವರು ಬೆಲ್ಟಿನಲ್ಲಿ ಬಾವಲಿಯ ಹಾಗೆ ನೇತಾಡುತ್ತಿದ್ದರು. ಹಣೆಯಲ್ಲಿ ಒಂದು ಗೀರು ಬಿಟ್ಟರೆ ಮೈಯಲ್ಲಿ ಗಾಯವಿಲ್ಲ. ಪಂಜರ ಒಂದು ಕಡೆಯೂ ಬಿಟ್ಟುಕೊಂಡಿರಲಿಲ್ಲ. ನಾನು ಮರಳಿನಲ್ಲಿ ಮಲಗಿ ಅವರ ಮುಖದ ಹತ್ತಿರ ಮುಖ ಇಟ್ಟೆ.

“ಎತ್ತು ಅಂತ ಕಾಲಿಗೆ ನಾನೇ ಹೇಳಿದ್ದು ಮಾರಾಯ್ತಿ” ಎಂದರು. “ಎಷ್ಟು ಸಲ ಹೇಳಿದೆ. ಅದು ಕೇಳಲೇ ಇಲ್ಲ.”

ತಲೆಕೆಳಗಾಗಿದ್ದರಿಂದ ಅವರ ಕಣ್ಣೀರು ಹಣೆಯ ಕಡೆಗೆ ಹರಿಯುತ್ತಿತ್ತು. ಸದಾನಂದಣ್ಣ ಭುಜ ಹಿಡಿದರು, ನಾನು ಬೆಲ್ಟು ಬಿಚ್ಚಿದೆ, ಪ್ರಜ್ಞಾ ಕಾಲು ಹಿಡಿದಳು. ಹೊರಗೆ ಎಳೆದು ಕೂರಿಸಿದಾಗಲೂ ಬಲಗಾಲು ಪೆಡಲ್ ಒತ್ತಿದ ಹಾಗೆಯೇ ಸೆಟೆದು ನಿಂತಿತ್ತು. ನಾನೇ ಕೈಯಿಂದ ಮಡಿಚಿ ಕೆಳಗಿಟ್ಟೆ.

“ಜೀವ ಉಳಿಯಿತಲ್ಲ, ಗಾಡಿ ರಿಪೇರಿ ಆಗ್ತದೆ, ಮುಂದಿನ ಸಲ ನೋಡುವ” ಎಂದು ಸದಾನಂದಣ್ಣ ದಾರಿಯುದ್ದಕ್ಕೂ ಹೇಳಿದರು.

ಗಾಡಿ ಹಿತ್ತಲಿಗೆ ವಾಪಸು ಬಂತು. ಇವರು ಆ ಕಡೆಯ ಬಾಗಿಲು ತೆರೆಯುವುದನ್ನೇ ಬಿಟ್ಟರು. ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಗುಜರಿಯವನನ್ನು ತಾವೇ ಫೋನ್ ಮಾಡಿ ಕರೆಸಿದರು. ಎಂಜಿನ್, ಚಕ್ರ ಬಿಚ್ಚಿಕೊಂಡು ಹೊರಡುವಾಗ ಅವನು, ಪಂಜರ ಹೀಗೇ ಕೈಗಾಡಿಗೆ ಹಿಡಿಯುವುದಿಲ್ಲ, ತುಂಡು ಮಾಡಿಡಿ ಎಂದ. ಪ್ರಜ್ಞಾ ಅತ್ತಳು. “ರೆಹನೇ ದೋ ನಾ ಪಪ್ಪಾ, ಸುಮ್ಮನೆ ಇರಲಿ ಅದು” ಎಂದಳು. ಇವರು ಗ್ರೈಂಡರ್ ತೆಗೆದು ಹಿಡಿದು ನೋಡಿದರು. ಆಗಲಿಲ್ಲ. ನನ್ನ ಕೈಗೆ ಕೊಟ್ಟರು.

ನಾನು ಮಾಡುವುದಿಲ್ಲ ಎಂದೆ. ನನ್ನಿಂದ ಆಗುವುದಿಲ್ಲ ಎಂದು ಕೈ ಮುಗಿದೆ.

“ದಿನಾ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ” ಎಂದರು.

ಕೊಯ್ದೆ. ಅವರು ಸ್ಟೂಲಿನಲ್ಲಿ ಕುಳಿತು ಎಲ್ಲಿ ಕೊಯ್ಯಬೇಕು ಎಂದು ತೋರಿಸಿದರು. ಮೇಲಿನ ಜೋಡಣೆಗೆ ನಾನು ಬ್ಲೇಡು ತಾಗಿಸಿದಾಗ ಮಾತ್ರ ಗದರಿದರು. “ಅಲ್ಲಿ ಬೇಡ, ಪಕ್ಕದಲ್ಲಿ ಪೈಪು ಕೊಯ್ಯಿ. ಆ ವೆಲ್ಡಿಂಗ್ ನಿನ್ನದು. ಬ್ಲೇಡು ಹಾಳಾಗ್ತದೆ, ಅದು ಹೋಗುವುದಿಲ್ಲ.”

ಈಗ ಇವರಿಗೆ ಶರ್ಟಿನ ಗುಂಡಿ ಹಾಕುವುದು ನಾನು, ಅನ್ನ ಕಲಸಿ ಕೊಡುವುದು ನಾನು. ಮಾತೂ ಸಣ್ಣದಾಗಿದೆ, ಹತ್ತಿರ ಹೋಗಿ ಕೇಳಬೇಕು. ಊರಿನಿಂದ ಬಂದವರು, ನಂಟರು, ಒಮ್ಮೆಯಾದರೂ ಆಸೆ ಈಡೇರಿತಲ್ಲ ಎನ್ನುತ್ತಾರೆ. ಅವರು ಒಳ್ಳೆಯದಕ್ಕೇ ಹೇಳುವುದು. ಆದರೆ ಆ ಗಾಡಿ ಕಟ್ಟದೇ ಇದ್ದಿದ್ದರೆ ತಮ್ಮ ಕೈಯಿಂದ ಇನ್ನೂ ಆಗುತ್ತದೆ ಎಂಬ ನಂಬಿಕೆಯಾದರೂ ಇವರಿಗೆ ಸ್ವಲ್ಪ ದಿನ ಉಳಿಯುತ್ತಿತ್ತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ.

ಮೊನ್ನೆ ಚಾಳಿನ ಗೇಟಿನ ಕೀಲು ಕಿತ್ತುಹೋಯಿತು. ಪಕ್ಕದ ಮನೆಯವರು ಬಂದು, “ಭಾಬಿ, ನಿಮಗೆ ವೆಲ್ಡಿಂಗ್ ಬರುತ್ತದಲ್ಲ, ಮೆಷಿನ್ನೂ ಇದೆ, ಸ್ವಲ್ಪ ಬೆಸೆದು ಕೊಡಿ” ಎಂದು ಹಿಂದಿಯಲ್ಲಿ ಕೇಳಿದರು. ಇವರು ಬಾಗಿಲ ಹತ್ತಿರವೇ ಕುರ್ಚಿಯಲ್ಲಿದ್ದರು.

“ಇಲ್ಲ, ನನಗೆ ಬರುವುದಿಲ್ಲ” ಎಂದೆ.

ಪಕ್ಕದ ಮನೆಯವರು ಹೋದರು. ಇವರು ನನ್ನನ್ನೇ ತುಂಬಾ ಹೊತ್ತು ನೋಡಿದರು. ತಮ್ಮ ಎದುರು ರಾಡು ಹಿಡಿಯಲು ಮನಸ್ಸಾಗದೆ ನಾನು ಹಾಗೆ ಹೇಳಿದೆ ಎಂದು ಇವರಿಗೆ ಗೊತ್ತಾಗಿತ್ತು. ಏನಾದರೂ ಹೇಳುತ್ತಾರೆ ಎಂದು ಹತ್ತಿರ ಹೋಗಿ ಬಗ್ಗಿದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಹಾಗೇ ಬಗ್ಗಿ ನಿಂತಿದ್ದೆ.